ಮುಂದಿನ ವಾಲ್ವ್ ಯಾವುದು

ಕೈಪಿಡಿ ಬರೆಯುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಜಲನಗರದ ನಮ್ಮ ಮನೆಗೆ ಆಗಾಗ ಬರುತ್ತಾರೆ. ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದೂವರೆ ಅವರ ಸಮಯ. ಹನ್ನೊಂದು ಮೂವತ್ತೊಂದಕ್ಕೆ ಬಂದವರಿಗೆ ಚಹಾ ಸಿಗುತ್ತದೆ, ಮಾತು ಸಿಗುವುದಿಲ್ಲ. ಎಲ್ಲರೂ ಕೇಳುವುದು ಒಂದೇ. ಐವತ್ತೈದನೇ ವಯಸ್ಸಿನಲ್ಲಿ ತಾಂತ್ರಿಕ ಬರವಣಿಗೆಯ ಸ್ನಾತಕೋತ್ತರ ಪದವಿ ಮಾಡಿದಿರಂತೆ, ಅದರಿಂದ ಉಪಯೋಗವಾಯಿತೇ ಎಂದು. ಒಂದು ತಾಸಿನಲ್ಲಿ ಹೇಳಿ ಮುಗಿಯದ ಕಾರಣ ಬರೆದಿಡುತ್ತಿದ್ದೇನೆ.

ನಾನಿದ್ದದ್ದು ವಿಜಯಪುರದ ಹೊರವಲಯದ ಒಂದು ಹನಿ ನೀರಾವರಿ ಕಾರ್ಖಾನೆಯಲ್ಲಿ. ಟೈಪಿಸ್ಟ್ ಆಗಿ ಸೇರಿದೆ. ಬಡ್ತಿಗಳ ವಿಷಯ ಬಿಡುತ್ತೇನೆ, ಅವು ಕುರ್ಚಿಗೆ ಸಂಬಂಧಿಸಿದವು. ಮೊದಲನೆಯದಕ್ಕೆ ಕೈ ಇರಲಿಲ್ಲ, ಕೊನೆಯದಕ್ಕೆ ಗಾಲಿ ಇದ್ದವು. ಪಂಪು, ಫಿಲ್ಟರು, ಪೈಪಿನ ಜೊತೆ ರೈತರಿಗೆ ಕೊಡುವ ಚಿಕ್ಕ ಪುಸ್ತಕವನ್ನು ಕನ್ನಡದಲ್ಲಿ ಬರೆಯುವವರು ಯಾರೂ ಇಲ್ಲವೆಂದು ಒಂದು ದಿನ ನನ್ನ ಮುಂದೆ ಹಾಳೆ ಇಟ್ಟರು. ಟೈಪು ಮಾಡುವವಳಿಗೆ ಬರೆಯಲೂ ಬರುತ್ತದೆ ಎಂಬುದು ಆಗಿನ ನಂಬಿಕೆ.

ನನ್ನ ಮೊದಲ ಪುಸ್ತಕ ಉಪಯೋಗವಾದದ್ದನ್ನು ನಾನು ಕಣ್ಣಾರೆ ಕಂಡದ್ದು ಘೋಣಸಗಿ ಹಳ್ಳಿಯ ಒಂದು ಮನೆಯಲ್ಲಿ. ಅಂಗಳದಲ್ಲಿ ಒಂದು ಮಂಚವಿತ್ತು, ಅದರ ಒಂದು ಕಾಲು ಗಿಡ್ಡ, ಅದರ ಕೆಳಗೆ ನನ್ನ ಮೂವತ್ತೆರಡು ಪುಟ. ಮಂಚ ಸ್ವಲ್ಪವೂ ಅಲುಗಾಡುತ್ತಿರಲಿಲ್ಲ. ಎರಡನೇ ಮುದ್ರಣದಲ್ಲಿ ನಾಲ್ಕು ಪುಟ ಕಡಿಮೆ ಮಾಡುವ ಮಾತು ಬಂದಾಗ ನನಗೆ ಆ ಮನೆಯವರ ನೆನಪಾಗಿ ಮನಸ್ಸು ಒಪ್ಪಲಿಲ್ಲ.

ತಪ್ಪು ನನ್ನದೇ. ಎಂಟನೇ ವಯಸ್ಸಿನಿಂದ ನಾನು ಹಾಸ್ಟೆಲಿನಲ್ಲಿ ಬೆಳೆದವಳು. ಐದಕ್ಕೆ ಗಂಟೆ, ಐದೂಕಾಲಿಗೆ ಹಾಸಿಗೆ ಮಡಚುವುದು, ಐದೂವರೆಗೆ ತಣ್ಣೀರು. ಇವತ್ತಿಗೂ ಅದೇ ನಡೆದಿದೆ, ಗಂಟೆ ಬಾರಿಸುವವರು ಮಾತ್ರ ಇಲ್ಲ. ಕನ್ನಡವನ್ನೂ ಅಲ್ಲೇ ಕಲಿತೆ, ಹೀಗಾಗಿ ಅದೂ ಇಸ್ತ್ರಿ ಮಾಡಿದ ಕನ್ನಡ. ಮನೆಯಲ್ಲಿ ಉರ್ದು, ಓಣಿಯಲ್ಲಿ ವಿಜಯಪುರದ ಮಾತು, ಹಾಳೆಯ ಮೇಲೆ ಮಾತ್ರ 'ತಕ್ಕದ್ದು'. ಫಿಲ್ಟರಿನ ಮುಚ್ಚಳ ಬಿಚ್ಚುವುದನ್ನು ನಾನು ಬರೆದದ್ದು ಹೀಗೆ: 'ಮುಚ್ಚಳವನ್ನು ಅಪ್ರದಕ್ಷಿಣವಾಗಿ ತಿರುಗಿಸತಕ್ಕದ್ದು.' ಬಬಲೇಶ್ವರದ ಒಬ್ಬ ರೈತನ ಮನೆಯಲ್ಲಿ ಇದನ್ನು ಗಟ್ಟಿಯಾಗಿ ಓದಿದರಂತೆ. ಹೊಸ ಸಾಮಾನು ಮನೆಗೆ ಬಂದ ದಿನ ಅಪ್ರದಕ್ಷಿಣ ಮಾಡುತ್ತಾರೆಯೇ, ಅದು ಸತ್ತಾಗ ಮಾಡುವಂಥದ್ದು ಎಂದು ಹಿರಿಯರು ಆಕ್ಷೇಪಿಸಿ, ಮಂಗಳಕರವಾಗಿ ಬಲಕ್ಕೇ ತಿರುಗಿಸಿದ್ದಾರೆ. ಮುಚ್ಚಳ ಬಿಚ್ಚಲಿಲ್ಲ. ಇಬ್ಬರು ಸೇರಿ ತಿರುಗಿಸಿದ್ದಾರೆ. ತಿರುಪಿನ ಎಳೆ ಹರಿದು ಮುಚ್ಚಳ ಅಲ್ಲೇ ಕಾಯಂ ಆಯಿತು. ದೂರು ಬಂದಾಗ ನಮ್ಮ ಮ್ಯಾನೇಜರ್ ದೇಸಾಯಿ ಸಾಹೇಬರು ನನ್ನನ್ನು ಕರೆದು, ಇದರಲ್ಲಿ ಧರ್ಮದ ವಿಷಯ ತರಲು ನಿಮಗೆ ಯಾರು ಹೇಳಿದರು ಎಂದು ಕೇಳಿದರು.

ದೇಸಾಯಿ ಸಾಹೇಬರು ಸಜ್ಜನರು. ಅವರ ತಿದ್ದುಪಡಿ ಒಂದೇ ಬಗೆಯದು: ಪ್ರತಿ ವಾಕ್ಯದ ಮೊದಲು 'ದಯವಿಟ್ಟು' ಸೇರಿಸುವುದು. 'ದಯವಿಟ್ಟು ಕರೆಂಟಿನ ತಂತಿ ಮುಟ್ಟಬೇಡಿ' ಎಂಬ ಫಲಕ ನಮ್ಮ ಪಂಪುಗಳ ಮೇಲೆ ಬಹಳ ವರ್ಷ ಇತ್ತು. ಮುಟ್ಟಿದರೆ ನಮಗೆ ಬೇಸರವಾಗುತ್ತದೆ ಎಂಬಂತೆ.

ಕಾಲ ಬದಲಾಯಿತು. ಸ್ಟೆನ್ಸಿಲ್ ಹೋಗಿ ಕಂಪ್ಯೂಟರ್ ಬಂತು, ಕೈಚಿತ್ರ ಹೋಗಿ ಫೋಟೋ ಬಂತು, ಆಮೇಲೆ ಮೊಬೈಲಿಗೆ ವಿಡಿಯೋ ಬಂತು. ವಿಡಿಯೋ ಬಂದ ಮೇಲೆ ಪುಸ್ತಕ ಯಾರಿಗೆ ಬೇಕು ಎಂದರು. ಅಂಗೈ ಒದ್ದೆಯಿದ್ದು, ಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದು, ಪಂಪು ಗದ್ದಲ ಮಾಡುತ್ತಿರುವಾಗ ವಿಡಿಯೋ ನೋಡಿದವರು ಆ ಪ್ರಶ್ನೆ ಕೇಳಲಿಲ್ಲ. ಪುಸ್ತಕ ಉಳಿಯಿತು. ಉಳಿದ ಮೇಲೆ ಅದನ್ನು ಬರೆಯುವವರು ಯಾರು ಎಂಬ ಪ್ರಶ್ನೆ ಎದ್ದಿತು. ಮುಖ್ಯ ಕಚೇರಿಯವರು ಪುಣೆಯ ಒಂದು ಏಜೆನ್ಸಿಗೆ ಎಲ್ಲ ಭಾಷೆಯ ಕೆಲಸ ಕೊಡಲು ಹೊರಟರು. ಇಂಗ್ಲಿಷಿನಲ್ಲಿ ಒಮ್ಮೆ ಬರೆದು ಉಳಿದವಕ್ಕೆ ಅನುವಾದಿಸುವುದು ಅವರ ಪದ್ಧತಿ. ಮಾದರಿಗೆಂದು ಕಳಿಸಿದ ಕನ್ನಡ ಹಾಳೆಯಲ್ಲಿ 'ಪಂಪಿನ ಒಣ ಓಟವನ್ನು ತಪ್ಪಿಸಿ, ನಿಮ್ಮ ಫಿಲ್ಟರನ್ನು ಆನಂದಿಸಿ' ಎಂದಿತ್ತು. ನಾನು ನಕ್ಕೆ. ದೇಸಾಯಿ ಸಾಹೇಬರು ನಗಲಿಲ್ಲ.

"ಅವರೆಲ್ಲಾ ಇದರಾಗ ಡಿಗ್ರಿ ಮಾಡ್ಯಾರ ಶಮೀಮಬಾಯಿ," ಎಂದರು. "ನಿಮ್ಮ ಹಂತೇಕ ಟೈಪಿಂಗ್ ಸರ್ಟಿಫಿಕೇಟ್ ಐತಿ."

ಅವರೇ ಮುಖ್ಯ ಕಚೇರಿಯೊಡನೆ ಮಾತಾಡಿ ಒಂದು ಷರತ್ತು ಹಾಕಿಸಿಕೊಂಡು ಬಂದರು. ಎರಡು ವರ್ಷದಲ್ಲಿ ಹೊಸ ಮಾದರಿಯ ಫಿಲ್ಟರ್ ಬರುತ್ತದೆ. ಅಷ್ಟರೊಳಗೆ ನಾನು ಪದವಿ ಪಡೆದು, ಆ ಫಿಲ್ಟರಿನ ಪುಸ್ತಕವನ್ನು ಪರೀಕ್ಷೆಯಲ್ಲಿ ಪಾಸು ಮಾಡಿಸಿದರೆ ಕನ್ನಡ ಇಲ್ಲೇ ಉಳಿಯುತ್ತದೆ. ಇಲ್ಲವಾದರೆ ನಮ್ಮ ಭಾಗದ ರೈತರು ಫಿಲ್ಟರನ್ನು ಆನಂದಿಸಬೇಕಾಗುತ್ತದೆ.

ನಾನು 'ವೃತ್ತಿಪರ ಮತ್ತು ತಾಂತ್ರಿಕ ಬರವಣಿಗೆ' ಎಂಬ ಎಂ.ಎ. ತರಗತಿಗೆ ಹೆಸರು ಹಚ್ಚಿದೆ. ಮೂರು ದಿನ ಸಂಜೆ ಕಂಪ್ಯೂಟರಿನಲ್ಲಿ ಪಾಠ, ಶನಿವಾರ ಎದುರಿಗೆ. ಗಾಂಧಿ ಚೌಕದ ಹತ್ತಿರ ಹೊಲಿಗೆ ಅಂಗಡಿ ಇಟ್ಟಿದ್ದ ನನ್ನ ಯಜಮಾನರು, ಮೊಮ್ಮಕ್ಕಳ ಜೊತೆ ಡಬ್ಬಿ ಕಟ್ಟಿಕೊಂಡು ಹೋಗುವಂಥ ಅಜ್ಜಿ ಯಾರಿಗೂ ಸಿಗುವುದಿಲ್ಲ ಎಂದು ಗಿರಾಕಿಗಳ ಎದುರು ಹೇಳಿಕೊಂಡರು. ಯೂನಿಫಾರ್ಮಿನ ಅಳತೆ ಕೊಡುತ್ತೀಯಾ ಎಂದು ಟೇಪು ಹಿಡಿದು ನನ್ನನ್ನೇ ಕೇಳಿದರು. ನಾನು ಅಡುಗೆಮನೆಯ ಗೋಡೆಗೆ ವೇಳಾಪಟ್ಟಿ ಅಂಟಿಸಿ, ಅವರ ರಾತ್ರಿಯೂಟವನ್ನು ಒಂದು ತಾಸು ಹಿಂದಕ್ಕೆ ಹಾಕಿದೆ. ಮಾತು ಕಡಿಮೆಯಾಯಿತು.

ಮೊದಲ ಶನಿವಾರ ನಾನು ಕಾಲು ತಾಸು ಮೊದಲೇ ಹೋದೆ. ನಾನು ಒಳಗೆ ಕಾಲಿಟ್ಟ ಕೂಡಲೇ ಹದಿನೈದು ಮಂದಿ ಎದ್ದು ನಿಂತರು. ಪಾಠ ಹೇಳಲು ಬಂದವಳು ನಾನೇ ಎಂದು ತಿಳಿದಿದ್ದರು. ಕೂರಲು ಹೇಳಿದೆ. ಮೇಜಿನ ಮೇಲೆ ಹಾಜರಿ ಪುಸ್ತಕವಿತ್ತು, ಪಾಠದ ಹೊತ್ತಾದರೂ ಯಾರೂ ಬರದಿದ್ದಾಗ ಸಮಯ ವ್ಯರ್ಥವಾಗಬಾರದೆಂದು ಹೆಸರು ಕರೆದೆ. ಒಂಬತ್ತನೇ ಹೆಸರಿಗೆ ಬಂದಾಗ ಮೂವತ್ತು ದಾಟದ ಹೆಣ್ಣುಮಗಳೊಬ್ಬಳು ಬಾಗಿಲಲ್ಲಿ ನಿಂತು ಒಳಗೆ ಬರಬಹುದೇ ಎಂದಳು. ತಡವಾಗಿ ಬಂದದ್ದಕ್ಕೆ ನಾನು ಗಡಿಯಾರ ತೋರಿಸಿದೆ. ಅವರೇ ನಮ್ಮ ಅಧ್ಯಾಪಕಿ ಸವಿತಾ ಮೇಡಂ, ಮೈಸೂರು ಕಡೆಯವರು, ವಿಜಯಪುರಕ್ಕೆ ಬಂದು ವಾರವಾಗಿತ್ತು. ಉಳಿದ ಏಳು ಹೆಸರನ್ನು ಅವರು ಕರೆದರು.

ಅವರು ಕೊಟ್ಟ ಮೊದಲ ಅಭ್ಯಾಸ: ಗಾಂಧಿ ಚೌಕದಿಂದ ನಿಮ್ಮ ಮನೆಗೆ ಬರುವ ದಾರಿಯನ್ನು ಬರೆದು ಕೊಡಿ, ಅದನ್ನು ಹಿಡಿದು ನಾನು ಬರುತ್ತೇನೆ. ಎರಡು ದಶಕ ಸೂಚನೆ ಬರೆದವಳಿಗೆ ಇದೇನು ದೊಡ್ಡದು ಎಂದು ಐದು ಸಾಲಿನಲ್ಲಿ ಮುಗಿಸಿದೆ. ಭಾನುವಾರ ಹನ್ನೊಂದಕ್ಕೆ ಬರಬೇಕಾದವರು ಒಂದೂವರೆಗೆ ಬಂದರು, ಕೈಯಲ್ಲಿ ಒಂದು ತಾಮ್ರದ ಕೊಡ ಇತ್ತು. ನನ್ನ ಸೂಚನೆಯಲ್ಲಿ 'ಹಳೇ ಟಾಕೀಜ್ ಇದ್ದಲ್ಲಿ ಎಡಕ್ಕೆ' ಎಂದಿತ್ತು. ಆ ಟಾಕೀಜನ್ನು ಕೆಡವಿ ಎಷ್ಟೋ ವರ್ಷವಾಗಿದೆ, ಆದರೆ ನಾವೆಲ್ಲ ಇವತ್ತಿಗೂ ಅಲ್ಲೇ ತಿರುಗುತ್ತೇವೆ. ಮೇಡಂ ಟಾಕೀಜು ಹುಡುಕುತ್ತ ಹುಡುಕುತ್ತ ಪಾತ್ರೆ ಅಂಗಡಿಯ ಸಾಲಿಗೆ ಹೋಗಿ, ದಾರಿ ಕೇಳಿದ್ದಕ್ಕೆ ಸಂಕೋಚವಾಗಿ ಕೊಡ ಕೊಂಡಿದ್ದರು.

"ಇಲ್ಲದ ಟಾಕೀಸಿನ ಹತ್ತಿರ ನಾನು ಹೇಗೆ ತಿರುಗಲಿ ಹೇಳಿ?" ಎಂದರು. ಹತ್ತಕ್ಕೆ ಎರಡು ಅಂಕ ಕೊಟ್ಟರು. ಆ ಎರಡು ಯಾವುದಕ್ಕೆ ಎಂದು ಕೇಳಿದೆ. ಅಕ್ಷರ ದುಂಡಗಿದ್ದವಂತೆ.

ಎರಡು ವರ್ಷ ಹೀಗೇ ನಡೆಯಿತು. ವಿವರವಾಗಿ ಹೇಳಬೇಕಾದದ್ದು ಕೊನೆಯ ಪರೀಕ್ಷೆ. ಹೊಸ ಫಿಲ್ಟರಿನ ಪುಸ್ತಕ ಬರೆದು, ಅದನ್ನು ಎಂದೂ ನೋಡದ ಬಳಕೆದಾರರ ಕೈಗೆ ಕೊಡಬೇಕು. ಅವರು ಓದಿಕೊಂಡು ಹತ್ತು ನಿಮಿಷದಲ್ಲಿ ಫಿಲ್ಟರ್ ತೊಳೆಯಬೇಕು. ಬರೆದವರು ಅಲ್ಲೇ ನಿಂತಿರಬೇಕು, ಆದರೆ ಮಾತಾಡಕೂಡದು, ಸನ್ನೆ ಮಾಡಕೂಡದು. ನನ್ನ ಸ್ವಭಾವ ಅರಿತ ಮೇಡಂ ಕೆಮ್ಮನ್ನೂ ನಿಷೇಧಿಸಿದರು.

ಫಿಲ್ಟರ್ ತೊಳೆಯುವುದು ಸುಲಭ. ಮೂರು ವಾಲ್ವ್. ಒಂದರಿಂದ ನೀರು ಒಳಗೆ ಬರುತ್ತದೆ, ಒಂದರಿಂದ ಬೆಳೆಗೆ ಹೋಗುತ್ತದೆ, ಮೂರನೆಯದರಿಂದ ಕೊಳೆ ಹೊರಗೆ ಹೋಗುತ್ತದೆ. ಕೊಳೆಯದನ್ನು ತೆರೆದು, ಬೆಳೆಗೆ ಹೋಗುವುದನ್ನು ಮುಚ್ಚಿದರೆ ಹೊಲಸೆಲ್ಲ ಹೊರಗೆ ಬೀಳುತ್ತದೆ. ಆಮೇಲೆ ಮೊದಲಿನಂತೆ ಮಾಡಿದರಾಯಿತು. ನಾನು ಬರೆದೆ: 'ಮೊದಲು ಕೊಳೆ ನೀರಿನ ವಾಲ್ವ್ ತೆರೆಯಿರಿ. ಮುಂದಿನ ವಾಲ್ವನ್ನು ಮುಚ್ಚಿ. ಐದು ನಿಮಿಷದ ನಂತರ ಮುಂದಿನದನ್ನು ತೆರೆದು ಹಿಂದಿನದನ್ನು ಮುಚ್ಚಿ.' 'ತಕ್ಕದ್ದು' ಇರಲಿಲ್ಲ, 'ದಯವಿಟ್ಟು' ಇರಲಿಲ್ಲ. ನನಗೆ ಬಹಳ ಹಿಡಿಸಿತು.

ಪರೀಕ್ಷೆಗೆ ಮೂರು ವಾರ ಮೊದಲು ತಿಕೋಟಾದಲ್ಲಿ ಒಂದು ಪ್ರಯೋಗ ಇಟ್ಟುಕೊಂಡೆವು. ದ್ರಾಕ್ಷಿ ಬೆಳೆಗಾರ ಮಲ್ಲಪ್ಪ ಪಿಯುಸಿ ಓದಿದವನು, ಎರಡು ಪತ್ರಿಕೆ ತರಿಸುವವನು. ಪುಸ್ತಕವನ್ನು ಎರಡು ಸಲ ಓದಿದ. ಕೊಳೆ ನೀರಿನ ವಾಲ್ವ್ ತೆರೆದ. ಕೊಳವೆಯ ಬಾಯಿಂದ ನೀರು ಎರಡು ಅಡಿ ದೂರ ಬಿತ್ತು. ಸವಿತಾ ಮೇಡಂ ಎಂಟು ಅಡಿ ದೂರ ನಿಂತು ಟಿಪ್ಪಣಿ ಮಾಡುತ್ತಿದ್ದರು. ಮಲ್ಲಪ್ಪ 'ಮುಂದಿನ ವಾಲ್ವನ್ನು ಮುಚ್ಚಿ' ಎಂದು ಓದಿ, ಆಗ ತಾನೇ ತೆರೆದದ್ದನ್ನೇ ಮುಚ್ಚಿದ. ನಾನು ತುಟಿ ಕಚ್ಚಿ ನಿಂತೆ. ಐದು ನಿಮಿಷ ಗಡಿಯಾರ ನೋಡಿದ. 'ಮುಂದಿನದನ್ನು ತೆರೆದು' ಎಂದು ಓದಿ ಅದನ್ನೇ ಮತ್ತೆ ತೆರೆದ. ಆಮೇಲೆ ಫಿಲ್ಟರಿನ ಹಿಂದೆ ಹೋಗಿ, ಬೆಳೆಗೆ ನೀರು ಹೋಗುವ ವಾಲ್ವನ್ನು ಮುಚ್ಚಿದ. ಅಷ್ಟೂ ನೀರಿಗೆ ಒಂದೇ ದಾರಿ ಉಳಿಯಿತು. ಅದು ಎಂಟು ಅಡಿ ಹಾರಿತು.

"ಮುಗೀತ್ರಿ," ಎಂದ ಮಲ್ಲಪ್ಪ.

ಮೌನದ ನಿಯಮ ಅಲ್ಲಿಗೆ ಮುರಿಯಿತು. ಎಂಥ ಕೆಲಸ ಮಾಡಿದೆಯಪ್ಪಾ ಎಂದೆ. ಅವನಿಗೆ ಸಿಟ್ಟೇ ಬರಲಿಲ್ಲ.

"ಮುಂದಿನ ವಾಲ್ವ್ ಅಂತ ಬರದೀರಿ. ನನ್ನ ಮುಂದ ಇದ್ದದ್ದು ಇದ. ಇದನ್ನ ಮುಚ್ಚೀನಿ. ಹಿಂದಿಂದು ಅಂದೀರಿ, ಹಿಂದ ಹೋಗಿ ಅದನ್ನ ಮುಚ್ಚೀನಿ. ಮತ್ತೇನ್ ತಪ್ಪಾತ್ರಿ?"

"ಮುಂದಿಂದು ಅಂದ್ರ ಅದರ ನಂತರದ್ದಪಾ."

"ನಂತರದ್ದಾದ್ರ ಆಮ್ಯಾಗಿಂದು ಅನ್ರಿ. ಮುಂದಿನ ಮನಿ ಅಂದ್ರ ನಾಳೆ ಕಟ್ಟೋ ಮನೀನೇನ್ರಿ?"

ಮುಂದೆ ಎಂದರೆ ಕಣ್ಣೆದುರಿಗೂ ಹೌದು, ಬರಲಿರುವುದೂ ಹೌದು. ಹಿಂದೆ ಎಂದರೆ ಬೆನ್ನ ಹಿಂದೆಯೂ ಹೌದು, ಆಗಿಹೋದದ್ದೂ ಹೌದು. ಇಷ್ಟು ವರ್ಷ ಈ ಎರಡು ಶಬ್ದವನ್ನು ನಾನು ಎಷ್ಟು ಪುಸ್ತಕಗಳಲ್ಲಿ ಹಾಕಿದ್ದೆನೋ, ಎಷ್ಟು ಹೊಲಗಳಲ್ಲಿ ನೀರು ರಸ್ತೆಗೆ ಹರಿದಿತ್ತೋ. ಸವಿತಾ ಮೇಡಂ ಸೆರಗು ಹಿಂಡುತ್ತ, ಪರೀಕ್ಷೆಯ ದಿನ ಹೀಗಾದರೆ ಫೇಲು ಎಂದೇ ಬರೆಯಬೇಕಾಗುತ್ತದೆ ಎಂದರು. ದನಿಯಲ್ಲಿ ಬೇಸರವಿರಲಿಲ್ಲ, ಚಳಿ ಇತ್ತು.

ವಾಲ್ವುಗಳಿಗೆ ಚಿತ್ರದಲ್ಲಿ ಒಂದು, ಎರಡು, ಮೂರು ಎಂದು ಸಂಖ್ಯೆ ಹಾಕಿದೆ. ಸಂಖ್ಯೆ ಪುಸ್ತಕದಲ್ಲಿದೆ, ವಾಲ್ವಿನ ಮೇಲೆಲ್ಲಿದೆ ಎಂದ ಮಲ್ಲಪ್ಪ. ವಾಲ್ವಿನ ಮೇಲೆ ಹಾಕಿಸಿ ಎಂದು ದೇಸಾಯಿ ಸಾಹೇಬರನ್ನು ಕೇಳಿದೆ. ಒಂದು ಪುಸ್ತಕಕ್ಕಾಗಿ ಅಚ್ಚು ಬದಲಿಸಲಾಗದು ಎಂದರು. ಬಣ್ಣ ಹಚ್ಚಿ ನೋಡೋಣವೆಂದು ಬಳೆ ಅಂಗಡಿಯಿಂದ ಕೆಂಪು, ನೀಲಿ, ಹಸಿರು ಉಗುರು ಬಣ್ಣ ತಂದೆ. ಚೀಲದಲ್ಲಿ ಮೂರು ಶೀಸೆ ಕಂಡ ಯಜಮಾನರು ಎರಡು ದಿನ ಬಹಳ ಸೌಮ್ಯವಾಗಿ ನಡೆದುಕೊಂಡರು, ಒಮ್ಮೆ ಅತ್ತರನ್ನೂ ಹಚ್ಚಿಕೊಂಡರು. ಅದು ಫಿಲ್ಟರಿಗೆ ಎಂದು ತಿಳಿದ ಮೇಲೆ ವೇಳಾಪಟ್ಟಿಯ ಮೇಲೆ ಸಿಟ್ಟು ತೀರಿಸಿಕೊಂಡರು. ಬಣ್ಣವೂ ನಿಲ್ಲಲಿಲ್ಲ, ಪೈಪು ತೊಳೆಯುವ ಆಮ್ಲ ತಾಗಿ ವಾರದಲ್ಲಿ ಎದ್ದುಹೋಯಿತು.

ಉಳಿದದ್ದು ಹತ್ತು ದಿನ. ಮತ್ತೆ ತಿಕೋಟಾಕ್ಕೆ ಹೋದೆ. ನಿನ್ನ ಮಾತಿನಲ್ಲೇ ಹೇಳು ಎಂದು ಮಲ್ಲಪ್ಪನನ್ನು ಕೇಳಿದರೆ ಅವನು ಕೈ ಕಟ್ಟಿ ನಿಂತು 'ಪ್ರಥಮವಾಗಿ ಕವಾಟವನ್ನು' ಎಂದು ಶುರುಮಾಡಿದ. ನನ್ನನ್ನು ಕಂಡರೆ ಜನಕ್ಕೆ ಹೀಗೆ ಮಾತಾಡಬೇಕು ಅನ್ನಿಸುತ್ತದೆ. ಆಗ ಒಂದು ಉಪಾಯ ಮಾಡಿದೆ. ಘೋಣಸಗಿಯಲ್ಲಿದ್ದ ಅವನ ತಮ್ಮನಿಗೂ ನಾವು ಅದೇ ಫಿಲ್ಟರ್ ಕೂರಿಸಿದ್ದೆವು. ಅವನಿಗೆ ತೊಳೆಯಲು ಬರುತ್ತಿಲ್ಲವಂತೆ, ಫೋನಿನಲ್ಲಿ ಹೇಳಿಕೊಡು ಎಂದೆ. ನಾನು ಕೈ ತೊಳೆದು ಬರುತ್ತೇನೆಂದು ಗೋಡೆಯ ಮರೆಗೆ ಹೋಗಿ, ನಳ ಬಿಡದೆ, ನೋಟ್ ಪುಸ್ತಕ ತೆಗೆದು ನಿಂತೆ. ಈ ವೃತ್ತಿಯಲ್ಲಿ ಕದ್ದು ಕೇಳುವುದಕ್ಕೆ 'ಬಳಕೆದಾರರ ಅಧ್ಯಯನ' ಎಂದು ಹೆಸರು.

"ಲೇ, ಹೊಲಸ ನೀರಿಂದು ತಗಿ," ಎಂದು ಮಲ್ಲಪ್ಪ ಕೂಗುತ್ತಿದ್ದ. "ತಗದಿ? ಈಗ ಪಡದ ಕಡೀದು ಬಂದ್ ಮಾಡು. ಬಾಂವಿ ಕಡೀದು ಮುಟ್ಟಬ್ಯಾಡಲೇ, ಅದು ಹಂಗ ಇರ್ಲಿ. ಪಡದ ಕಡೀದು ಅಂದ್ನಿ, ಕಿವಿ ಎಲ್ಲಿಟ್ಟಿ?"

ನಮ್ಮ ಕಡೆ ದ್ರಾಕ್ಷಿ ತೋಟಕ್ಕೆ ಪಡ ಎನ್ನುತ್ತಾರೆ. ನೀರು ಬಾವಿಯಿಂದ ಬರುತ್ತದೆ, ಪಡಕ್ಕೆ ಹೋಗುತ್ತದೆ. ಎಲ್ಲಿ ನಿಂತರೂ, ಯಾವ ಕಡೆ ಮುಖ ಮಾಡಿದರೂ ಬಾವಿ ಬಾವಿಯೇ, ಪಡ ಪಡವೇ. ನಾನು ಅಲ್ಲೇ ನಿಂತು ಬರೆದುಕೊಂಡೆ, ತಮ್ಮನಿಗೆ ಬಿದ್ದ ಬೈಗುಳ ಮಾತ್ರ ಬಿಟ್ಟೆ.

ಸವಿತಾ ಮೇಡಂ ಹೊಸ ಪ್ರತಿ ನೋಡಿ ಕೆಂಪು ಪೆನ್ನು ತೆಗೆದರು. 'ಪಡ' ನಿಘಂಟಿನಲ್ಲಿ ಈ ಅರ್ಥದಲ್ಲಿ ಇಲ್ಲ ಎಂದರು. 'ಹೊಲಸು' ತಮ್ಮ ಕಡೆ ಮುದ್ರಿಸುವಂಥ ಶಬ್ದವಲ್ಲ ಎಂದರು. ಕೊಳವೆಬಾವಿ ಇದ್ದವರು, ದಾಳಿಂಬೆ ಹಾಕಿದವರು ಏನು ಮಾಡಬೇಕು ಎಂದರು. ಕೊನೆಯದು ನ್ಯಾಯವಾದ ಪ್ರಶ್ನೆ. ಅದಕ್ಕಾಗಿ ನಾಲ್ಕು ದಿನ ಹಳ್ಳಿ ಸುತ್ತಿದೆ. ಬೋರ್ ಇದ್ದವರು ಬಾಂವಿ ಕಡೆ ಎಂದರೆ ತಪ್ಪದೆ ಬೋರಿನ ಕಡೆಗೇ ಕೈ ತೋರಿಸಿದರು. ದಾಳಿಂಬೆಯವರಿಗಾಗಿ 'ಪಡ' ತೆಗೆದು 'ತೋಟ' ಎಂದು ಹಾಕಿದ ಇನ್ನೊಂದು ಮುದ್ರಣಕ್ಕೆ ಒಪ್ಪಿದೆ. 'ಹೊಲಸು' ಬಿಡಲಿಲ್ಲ. ನಿಘಂಟು ಫಿಲ್ಟರ್ ತೊಳೆಯುವುದಿಲ್ಲ ಎಂದೆ. ಹೊರಗಿನಿಂದ ಬರುವ ಪರೀಕ್ಷಕರು ಭಾಷೆಯ ವಿಷಯದಲ್ಲಿ ಬಹಳ ಬಿಗಿ ಎಂದು ಎಚ್ಚರಿಸಿ ಮೇಡಂ ಸಹಿ ಹಾಕಿದರು.

ಪರೀಕ್ಷೆ ಬಬಲೇಶ್ವರದ ಒಂದು ಪಡದಲ್ಲಿ. ಪರೀಕ್ಷಕರು ತೆಳ್ಳಗಿನ ಹಿರಿಯರು, ಹೊಲಕ್ಕೂ ಬಿಳಿ ಕಾಲುಚೀಲ ಹಾಕಿಕೊಂಡು ಬಂದಿದ್ದರು. ದೇಸಾಯಿ ಸಾಹೇಬರ ಕಂಕುಳಲ್ಲಿ ಪುಣೆಯ ಏಜೆನ್ಸಿಯ ಒಪ್ಪಂದದ ಕಡತವಿತ್ತು, ಸಹಿಯೊಂದೇ ಬಾಕಿ. ಸಂಗಪ್ಪ ಎಂಬ ರೈತನ ಹೆಸರು ಪಟ್ಟಿಯಲ್ಲಿತ್ತು. ಅವನ ಕೈಗೆ ಪುಸ್ತಕ ಕೊಟ್ಟು ಮೇಡಂ ಗಡಿಯಾರ ಒತ್ತಿದರು.

ಸಂಗಪ್ಪ ಪುಸ್ತಕದಿಂದ ಎರಡು ಸಲ ಗಾಳಿ ಬೀಸಿಕೊಂಡ. ಆಮೇಲೆ ಅದನ್ನು ಮಡಚಿ ಜೇಬಿನಲ್ಲಿಟ್ಟು, ಫಿಲ್ಟರನ್ನು ಎಮ್ಮೆ ಕೊಳ್ಳುವವನಂತೆ ಸುತ್ತಿ ನೋಡಿ, ಬಾವಿ ಕಡೆಯ ವಾಲ್ವನ್ನು ಗಟ್ಟಿಯಾಗಿ ಮುಚ್ಚಿದ. ಒಳಗೆ ನೀರೇ ಬರದಾಯಿತು, ಪಂಪು ಗುರುಗುಟ್ಟತೊಡಗಿತು. ಅವನು ಇನ್ನೆರಡನ್ನೂ ತೆರೆದು, ಕೊಳವೆಯ ಬಾಯಿಗೆ ಕಣ್ಣಿಟ್ಟು ಕೂತ. ನಾಲ್ಕು ನಿಮಿಷ ಕಳೆದವು. ಜೇಬಿನಲ್ಲಿದ್ದ ಪುಸ್ತಕ ನನಗೆ ಕಾಣುತ್ತಿತ್ತು. ಎರಡು ವರ್ಷ ನಾನು ಕಲಿತದ್ದೆಲ್ಲ ಓದುವವನಿಗಾಗಿ, ಓದದವನಿಗೆ ಏನು ಮಾಡಬೇಕೆಂದು ಯಾವ ತರಗತಿಯಲ್ಲೂ ಬಂದಿರಲಿಲ್ಲ. ಗಂಟಲಲ್ಲಿ ಕೆಮ್ಮು ಬಂತು, ನುಂಗಿದೆ.

ಪಂಪಿನ ಸದ್ದು ಕೇಳಿ ಸಂಗಪ್ಪನ ಹೆಂಡತಿ ಶಾಂತವ್ವ ಪಡದೊಳಗಿಂದ ಬಂದಳು. ಗಂಡನ ಜೇಬಿನಿಂದ ಪುಸ್ತಕ ಎಳೆದಳು.

"ಓದಾಕ ಬರೂದಿಲ್ಲೇನು ನಿನಗ?"

"ಬರ್ತೈತಿ. ಇದನ್ನೆಲ್ಲಾ ಓದಿ ಯಾಂವ ಉದ್ಧಾರ ಆಗ್ಯಾನ?"

ಅವಳು ಅಲ್ಲೇ ನಿಂತು, ಬೆರಳಿಟ್ಟು ಓದತೊಡಗಿದಳು. ದೇಸಾಯಿ ಸಾಹೇಬರು ಮುಂದೆ ಬಂದು, ಇದು ನಡೆಯುವುದಿಲ್ಲ, ಪಟ್ಟಿಯಲ್ಲಿ ಸಂಗಪ್ಪನ ಹೆಸರಿದೆ ಎಂದರು. ಶಾಂತವ್ವ ತಲೆ ಎತ್ತಲಿಲ್ಲ.

"ಪಡ ಯಾರ ಹೆಸರಿಲೆ ಐತಿ, ಕೇಳ್ರಿ ಅವಗ."

ಸಂಗಪ್ಪ ಆಕಾಶ ನೋಡಿದ. ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು, ಪಟ್ಟಿಯಲ್ಲಿ ಒಂದು ಹೆಸರು ಹೊಡೆದು ಇನ್ನೊಂದನ್ನು ಬರೆದರು. ಗಡಿಯಾರ ಮಾತ್ರ ನಿಲ್ಲಿಸಲಿಲ್ಲ.

ಶಾಂತವ್ವ ಬಾವಿ ಕಡೆಯದನ್ನು ತೆರೆದಳು. ಪಂಪು ಸುಮ್ಮನಾಯಿತು. ಹೊಲಸು ನೀರಿನದು ತೆರೆದೇ ಇತ್ತು. ಪಡದ ಕಡೆಯದಕ್ಕೆ ಕೈ ಹಾಕಿ ಮುಚ್ಚಿದಳು. ಕಂದು ನೀರು ಭರ್ರೆಂದು ಹಾರಿತು. ಸವಿತಾ ಮೇಡಂ ಈ ಸಲ ಹದಿನೈದು ಅಡಿ ದೂರವಿದ್ದರು, ಪರೀಕ್ಷಕರ ಬಿಳಿ ಕಾಲುಚೀಲ ಹತ್ತಿರವಿತ್ತು. ನೀರು ತಿಳಿಯಾಗುವವರೆಗೆ ಅವಳು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಪಡದ ಕಡೆಯದನ್ನು ತೆರೆದಳು, ಹೊಲಸು ನೀರಿನದನ್ನು ಮುಚ್ಚಿದಳು. ಬಳ್ಳಿಗಳ ಬುಡದಲ್ಲಿ ಹನಿ ಬೀಳತೊಡಗಿತು. ಗಡಿಯಾರದಲ್ಲಿ ಇನ್ನೂ ಅರ್ಧ ನಿಮಿಷವಿತ್ತು.

ಪರೀಕ್ಷಕರು ಅವಳ ಬಳಿ ಹೋಗಿ, ಬರವಣಿಗೆ ಹೇಗಿದೆ ಎಂದು ಕೇಳಿದರು.

"ಬರವಣಿಗಿ ಏನೈತ್ರಿ ಇದರಾಗ? ನಾವು ದಿನಾ ಅನ್ನೂದ ಐತಿ. ಇದನ್ನ ಯಾರ್ ಬೇಕಾದ್ರೂ ಬರೀತಾರ."

ದೇಸಾಯಿ ಸಾಹೇಬರು ನನ್ನ ಮುಖ ನೋಡಿದರು. ಪರೀಕ್ಷಕರೂ ನೋಡಿದರು. ಅವರು ಸಹಿ ಹಾಕುವವರೆಗೆ ನನಗೆ ಮಾತಿನ ಅಪ್ಪಣೆ ಇರಲಿಲ್ಲ. ಅವರು ಹಾಳೆಯ ಮೇಲೆ ಬಹಳ ಹೊತ್ತು ಏನನ್ನೋ ಬರೆದರು. ಆಮೇಲೆ ನನಗೆ ಪ್ರತಿ ಸಿಕ್ಕಿತು. ಅದರಲ್ಲಿದ್ದದ್ದು: 'ಬಳಕೆದಾರರಿಗೆ ಬರವಣಿಗೆ ಕಾಣಿಸಲಿಲ್ಲ. ಉತ್ತೀರ್ಣ.' ದೇಸಾಯಿ ಸಾಹೇಬರು ಅವರ ಹೆಗಲ ಮೇಲಿಂದ ಬಗ್ಗಿ ಓದಿಕೊಂಡು, ಕಂಕುಳಿನ ಕಡತವನ್ನು ಚೀಲದೊಳಗೆ ತುರುಕಿದರು. ಕನ್ನಡದ್ದು ಇಲ್ಲೇ ಇರಲಿ ಎಂದರು, ದಯವಿಟ್ಟು ಎನ್ನಲಿಲ್ಲ.

ಈ ಮಧ್ಯೆ ಶಾಂತವ್ವನ ಕಣ್ಣು ನನ್ನ ಮೇಲೆ ಬಿದ್ದಿತ್ತು. ಅಷ್ಟು ಹೊತ್ತಿನಿಂದ ಒಂದು ಮಾತೂ ಆಡದೆ, ತುಟಿ ಕಚ್ಚಿಕೊಂಡು ನಿಂತ ಮುದುಕಿಯನ್ನು ಕಂಡು ಅವಳಿಗೆ ಮರುಕವಾಗಿರಬೇಕು. ನನ್ನ ರಟ್ಟೆ ಹಿಡಿದು ಫಿಲ್ಟರಿನ ಹತ್ತಿರ ಕರೆದೊಯ್ದಳು.

"ತಿಳೀಲಿಲ್ಲೇನ್ರಿ ಅಕ್ಕಾರ? ಅಂಜಬ್ಯಾಡ್ರಿ, ಅಷ್ಟೇನ್ ತ್ರಾಸಿಲ್ಲ. ಇಲ್ಲಿ ನೋಡ್ರಿ, ಇದು ಬಾಂವಿ ಕಡೀದು."

ನನ್ನ ಪುಸ್ತಕವನ್ನು ನನ್ನ ಕೈಗೇ ಕೊಟ್ಟು, ಬೆರಳನ್ನು ಮೊದಲ ಸಾಲಿನ ಮೇಲಿಟ್ಟಳು. ನಾನು ಕನ್ನಡಕ ಹಾಕಿಕೊಂಡು ಓದಲು ಶುರುಮಾಡಿದೆ.